ನಿರಿಗೆ ಬಿಟ್ಟ ಕೌದಿ

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಹುಡುಗಿ ಎಷ್ಟು ಓದಿದ್ದಾಳೆ, ಅಡುಗೆ ಬರುತ್ತದೋ ಇಲ್ಲವೋ ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ನಿದ್ದೆಯಲ್ಲಿ ಹಾಸಿಗೆ ಬಿಟ್ಟು ಗಾಳಿಯಲ್ಲಿ ಎಷ್ಟು ಎತ್ತರ ಏಳುತ್ತಾಳೆ ಎಂದು. ಗೇಣು ಎಂದರೆ ಸಾಧಾರಣ. ಮೊಳ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನನ್ನ ಮಗಳು ಸಾವಂತ್ರಿಯದು ಎರಡು ಮೊಳಕ್ಕೂ ಹೆಚ್ಚು. ಅದನ್ನು ಮುಚ್ಚಿಡಲು ನಾನು ಹೋಗಲಿಲ್ಲ. ಮುಚ್ಚಿಡುವುದು ಸಾಧ್ಯವೂ ಇರಲಿಲ್ಲ. ಕೂಸಾಗಿದ್ದಾಗ ಅವಳು ತೊಟ್ಟಿಲಿನಿಂದ ಎದ್ದು ಚಾವಣಿಯ ಜಂತಿಗೆ ತಲೆ ತಾಗಿಸಿಕೊಂಡು ಅತ್ತದ್ದು ಓಣಿಗೆಲ್ಲ ಕೇಳಿಸಿತ್ತು.

ನನ್ನ ಹೆಸರು ಕಾಶವ್ವ. ಕೌದಿ ಹೊಲಿಯುವುದು ನನ್ನ ಕೆಲಸ. ಬೇರೆ ಊರುಗಳಲ್ಲಿ ಕೌದಿಯನ್ನು ಚಳಿಗೆ ಹೊದೆಯುತ್ತಾರಂತೆ. ನಮ್ಮಲ್ಲಿ ಬೇಸಿಗೆಯಲ್ಲೂ ಹೊದೆಯಬೇಕು. ಹೊದೆಯದೆ ಮಲಗಿದರೆ ಏಳುವಾಗ ಎಲ್ಲಿರುತ್ತೇವೆ ಎಂದು ಹೇಳಲಾಗದು; ಬಾವಿಕಟ್ಟೆಯ ಮೇಲೆ ತೂಕಡಿಸಿದ ಎಷ್ಟೋ ಜನರನ್ನು ಬೇವಿನ ಮರದ ಕೊಂಬೆಗಳಿಂದ ಬಿಡಿಸಿ ಇಳಿಸಿದ್ದೇವೆ. ಅದಕ್ಕೇ ಎಲ್ಲರ ಮನೆಯ ಜಂತಿಗೂ ಹಳೆಯ ಗಾದಿ ಕಟ್ಟಿರುತ್ತದೆ, ಎಲ್ಲರ ಹಾಸಿಗೆಯ ಮೇಲೂ ಅವರವರು ಏಳುವ ಎತ್ತರಕ್ಕೆ ತಕ್ಕ ಭಾರದ ಕೌದಿ ಇರುತ್ತದೆ. ಹಳೆಯ ಸೀರೆ, ಧೋತರ, ಹರಿದ ಚಾದರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರಬೇಕು. ಒಂದೊಂದು ಹೊಲಿಗೆಯೂ ಗೋಧಿಕಾಳಿಗಿಂತ ಉದ್ದವಾಗಬಾರದು. ಸುಕ್ಕು ಬಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಇದನ್ನೆಲ್ಲ ಕಲಿಸಿದವರು ನನ್ನ ಅತ್ತೆ. ಅವರು ಹೋದ ಮೇಲೆ ಊರಿನ ಅರ್ಧಕ್ಕರ್ಧ ಜನ ನನ್ನ ಕೌದಿಯ ಕೆಳಗೇ ಮಲಗುತ್ತಾರೆ.

ಸಾವಂತ್ರಿ ಕೌದಿಗೆ ಕೂರಲಿಲ್ಲ. ಅವಳು ಹೊಲಿಗೆ ಮಿಷನ್ ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಬಿಡುವಾದಾಗ ಮೊಬೈಲಿನಲ್ಲಿ ಎಲ್ಲೆಲ್ಲಿಯದೋ ಹೆಂಗಸರು ಹೊಲಿದ ಹೊಸ ನಮೂನೆಯ ಕೌದಿಗಳನ್ನು ತೆಗೆದು ನನಗೆ ತೋರಿಸುತ್ತಿದ್ದಳು. ಇಡೀ ಕೌದಿಗೆ ಒಂದೇ ಬೂದಿ ಬಣ್ಣ, ಎಲ್ಲೋ ಒಂದು ಮೂಲೆಯಲ್ಲಿ ನಾಲ್ಕು ಕೆಂಪು ತುಂಡು, ಉಳಿದದ್ದು ಬೋಳು.

“ಇದನ್ನ ಅರ್ಧಕ್ಕ ಬಿಟ್ಟಂಗ ಐತೆಲ್ಲ?” ಎನ್ನುತ್ತಿದ್ದೆ ನಾನು.

“ಬಿಟ್ಟಿಲ್ಲವಾ. ಕಣ್ಣಿಗೆ ಉಸಿರಾಡಾಕ ಜಾಗ ಇಟ್ಟಾರ,” ಎನ್ನುತ್ತಿದ್ದಳು ಅವಳು.

ಅವಳ ಮಿಷನ್ನಿಗೆ ಕರೆಂಟಿನ ಮೋಟರು ಕೂಡಿಸಿದಾಗ ಲೈನ್ ಎಳೆಯಲು ಬಂದವನೇ ಮಾನಪ್ಪ. ಹೊರಊರಿನವನು, ಲೈನ್‌ಮನ್ ಕೆಲಸಕ್ಕೆಂದು ಬಂದು ಬಾಡಿಗೆ ಕೋಣೆಯಲ್ಲಿದ್ದ. ಮೋಟರಿನ ಕೆಲಸ ಒಂದು ದಿನದ್ದು. ಅವನು ಒಂದು ವಾರ ಬಂದ. ಹೊರಗಿನಿಂದ ಬಂದವರು ನಮ್ಮೂರಲ್ಲಿ ಎಷ್ಟು ವರ್ಷ ಇದ್ದರೂ ಏಳುವುದಿಲ್ಲ. ಮದುವೆ ಮಾತಿಗೆ ಕೂತಾಗ ನಾನು ಅದನ್ನೇ ಕೇಳಿದೆ. ಅವನು ತಲೆ ತಗ್ಗಿಸಿ, “ನಂದು ಏಳೂದ ಇಲ್ಲರಿ. ಮಲಗಿದೆ ಅಂದ್ರ ಗುಂಡಕಲ್ಲು,” ಎಂದ. ಓಣಿಯ ಹೆಂಗಸರು ಮುಸಿಮುಸಿ ನಕ್ಕರು. ನನ್ನ ಗಂಡ ಗದಿಗೆಪ್ಪ ಹಿಟ್ಟಿನ ಗಿರಣಿ ನಡೆಸುವವರು, ಮಾತು ಕಡಿಮೆ. ಅವತ್ತು ಮಾತ್ರ ಎಲ್ಲರಿಗೂ ಕೇಳುವಂತೆ, “ಮಲಗಿದಾಗ ಏಳದಿದ್ರ ಏನಾತು, ಎದ್ದಾಗ ಚೊಲೋ ಇದ್ದರ ಸಾಕು,” ಎಂದರು. ಮದುವೆ ಆಯಿತು.

ಜೋಡಿಗೆ ಹೊಲಿಯುವಾಗ ಇಬ್ಬರಲ್ಲಿ ಯಾರು ಹೆಚ್ಚು ಏಳುತ್ತಾರೋ ಅವರ ಲೆಕ್ಕಕ್ಕೆ ಹೊಲಿಯುವುದು ಪದ್ಧತಿ. ಮಗಳ ಮದುವೆಗೆ ನಾನು ಹೊಲಿದ ಕೌದಿಯನ್ನು ಮಡಿಚಿ ಎತ್ತಲು ಇಬ್ಬರು ಬೇಕಾದರು. ಚೌಕದೊಳಗೆ ಚೌಕ, ಮೂಲೆಗೊಂದು ಮುಕ್ಕೋನದ ಹೂವು, ಎಲ್ಲಿ ನೋಡಿದರೂ ಸುಕ್ಕಿಲ್ಲ. ನೋಡಿದವರೆಲ್ಲ ಇದರ ಕೆಳಗಿಂದ ಆನೆಯೂ ಏಳುವುದಿಲ್ಲ ಎಂದರು. ನಾನೂ ಉಬ್ಬಿದೆ.

ಎರಡು ತಿಂಗಳಲ್ಲಿ ಮಾನಪ್ಪನ ಕಣ್ಣು ಗುಳಿಬಿದ್ದವು. ಮುಖ ಕಪ್ಪಿಟ್ಟಿತು. ಏನಾಯಿತೆಂದರೆ ಕೆಲಸ ಜಾಸ್ತಿ ಎನ್ನುತ್ತಿದ್ದ. ಒಂದು ದಿನ ಸಂತೆ ಬೀದಿಯ ಕಂಬದ ಮೇಲೆ ಕೆಲಸ ಮಾಡುತ್ತಿದ್ದವನು ಅಲ್ಲೇ ನಿದ್ದೆಹೋದ. ಸೊಂಟದ ಬೆಲ್ಟು ಹಿಡಿದುಕೊಂಡಿತು. ಇಲ್ಲದಿದ್ದರೆ ಏನಾಗುತ್ತಿತ್ತೋ! ಕೆಳಗೆ ಬಾಳೆಹಣ್ಣು ಮಾರುವವಳು ಕಿರುಚಿಕೊಂಡಳು. ಜನ ಏಣಿ ತಂದು ಅವನನ್ನು ಇಳಿಸಿ, ನೀರು ಕುಡಿಸಿ ಮನೆಗೆ ಕಳಿಸಿದರು.

ಅವತ್ತು ಸಾವಂತ್ರಿ ಬಂದು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

“ಅವ್ವಾ, ನೀ ಹೊಲಿದ ಕೌದಿ ಅವರನ್ನ ಕೊಲ್ಲಾಕತ್ತೈತಿ.”

“ಏನಂದಿ?”

“ಎದಿ ಮ್ಯಾಲೆ ಬಂಡಿಗಾಲಿ ಇಟ್ಟಂಗ ಆಗತೈತಂತ. ಮಗ್ಗಲ ತಿರುಗಾಕ ಬರೂದಿಲ್ಲ. ಉಸಿರು ಕಟ್ಟತಿದ್ದರೂ ನನ್ನ ಮುಂದ ಹೇಳಿಲ್ಲ. ಇವತ್ತ ಕಂಬದಿಂದ ಇಳಿಸಿದ ಮ್ಯಾಲೆ ಹೇಳಿದರು.”

“ಹಂಗಿದ್ರ ಸ್ವಲ್ಪ ದಿವಸ ಬ್ಯಾರೆ ಬ್ಯಾರೆ ಮಲಗ್ರಿ.”

“ಅದನ್ನ ಅವರೂ ಅಂದರು. ಮುಂದ ಏನಂದರು ಗೊತ್ತೇನು? ವರ್ಗಾ ಬರಸ್ಕೊಂಡು ತಮ್ಮ ಊರಿಗೆ ಹೋಗತಾರಂತ. ಐತವಾರಕ್ಕೊಮ್ಮೆ ಬರತಾರಂತ. ನನ್ನ ಕೆಲಸ, ನನ್ನ ಗಿರಾಕಿ ಎಲ್ಲ ಇಲ್ಲೇ ಅದಾವ, ನನ್ನ ಕರಕೊಂಡು ಹೋಗೂದು ಸರಿ ಅಲ್ಲಂತ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಐತವಾರದ ಗಂಡನ್ನ ಕಟ್ಟಿಕೊಳ್ಳಾಕ ಲಗ್ನ ಮಾಡ್ಕೊಂಡ್ನೇನವಾ ನಾನು?”

ಅವಳಿಗೆ ಏನು ಹೇಳಿ ಕಳಿಸಿದೆನೋ ನೆನಪಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ರೊಟ್ಟಿ ಬಡಿಸುತ್ತ ಎಲ್ಲ ಹೇಳಿದೆ. ಅವರು ಪಲ್ಯ ಹಚ್ಚಿಕೊಳ್ಳುತ್ತ ಕೇಳಿಸಿಕೊಂಡರು. ಆಮೇಲೆ, “ಅವಗ ಒಂದು ಮಾತು ಹೇಳು. ಅಂಗಾತ ಮಲಗಿ ಎರಡೂ ಮುಂಗೈ ಎದಿ ಮ್ಯಾಲೆ ಅಡ್ಡ ಇಟ್ಕೊಬೇಕು. ಕೌದಿ ಸ್ವಲ್ಪ ಎತ್ತಿದಂಗ ಆಗತೈತಿ. ಉಸಿರಿಗೆ ಜಾಗ ಸಿಗತೈತಿ,” ಎಂದರು.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. “ನಿಮಗ ಹ್ಯಾಂಗ ಗೊತ್ತು?”

ಅವರು ಪಲ್ಯದ ಕಡೆ ಕೈ ಚಾಚಿದರು. ನಾನು ಬಿಡಲಿಲ್ಲ.

“ನಂದು ಏಳೂದು ಎರಡು ಬೆರಳಷ್ಟ,” ಎಂದರು ಕೊನೆಗೆ. “ನಿಂದು ನಿನ್ನ ಮಗಳಂಗ. ನಮ್ಮವ್ವ ನಿನ್ನ ಲೆಕ್ಕಕ್ಕ ಹೊಲದಿದ್ಲು.”

“ಮೂವತ್ತು ವರ್ಷ ಆತಲ್ಲರಿ! ಒಂದು ಮಾತು ಹೇಳಬಾರದಾಗಿತ್ತಾ?”

“ಹೇಳಿ ಏನು ಮಾಡೂದು? ಹಗರ ಮಾಡಿದ್ರ ನೀ ಎದ್ದು ಹೋಗತಿದ್ದಿ. ಮುಂಜಾನೆ ಕಣ್ಣು ತೆರೆದ್ರ ನೀ ಬಾಜೂಕ ಇರಬೇಕಲ್ಲ.” ಇಷ್ಟು ಹೇಳಿ, ನೀರು ಕುಡಿದು, ಗಿರಣಿಗೆ ಹೋದರು.

ನಾನು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ. ಊರಿನವರೆಲ್ಲ ಎಷ್ಟು ಏಳುತ್ತಾರೆಂದು ಬಾಯಿಪಾಠವಿದ್ದ ನನಗೆ ನನ್ನ ಬಗಲಲ್ಲಿ ಮಲಗಿದವರದು ಗೊತ್ತಿರಲಿಲ್ಲ. ನಾನು ಒಂದು ದಿನವೂ ಎದ್ದಿರಲಿಲ್ಲ, ಅವರೂ ಎದ್ದಿರಲಿಲ್ಲ. ಅತ್ತೆಯ ಕೌದಿ ಇಬ್ಬರನ್ನೂ ಹಾಸಿಗೆಗೆ ಒತ್ತಿ ಹಿಡಿದಿತ್ತು. ಇಬ್ಬರೂ ಸಮ ಎಂದೇ ನಾನು ತಿಳಿದಿದ್ದೆ.

ಮರುದಿನ ಹೊಸ ಕೌದಿಗೆ ಕೈಹಾಕಿದೆ. ಮೊದಲು ಹೊಳೆದದ್ದು ಸುಲಭದ ದಾರಿ. ಮಗಳ ಕಡೆಯ ಅರ್ಧ ಭಾರ, ಅಳಿಯನ ಕಡೆಯ ಅರ್ಧ ಹಗುರ. ಹೊಲಿದು ಕೊಟ್ಟೆ. ಅದು ಒಂದು ದಿನಕ್ಕೇ ವಾಪಸು ಬಂತು. ಭಾರದ ಅರ್ಧ ಹಗುರದ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡಿತ್ತು, ಮಾನಪ್ಪ ಹೊದಿಕೆಯಿಲ್ಲದೆ ಉಳಿದಿದ್ದ. ಸಾವಂತ್ರಿ ಜಾಗ ಸಿಕ್ಕ ಕಡೆಯಿಂದ ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡು ಓರೆಯಾಗಿ ಎದ್ದಿದ್ದಳಂತೆ. ಅದನ್ನು ಹೇಳುತ್ತ ಅವಳು ನಕ್ಕಳು. ನಗುತ್ತಿದ್ದವಳು ಸುಮ್ಮನಾಗಿ, “ವರ್ಗಾದ ಅರ್ಜಿ ಬರದಿಟ್ಟಾರವಾ,” ಎಂದಳು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಳಿಯನನ್ನೇ ನೋಡಿ ಮಾತಾಡೋಣವೆಂದು ಹೊರಟೆ. ಅವನು ಕೆರೆ ದಂಡೆಯ ರಸ್ತೆಯಲ್ಲಿ ಹೊಸ ತಂತಿ ಎಳೆಸುತ್ತಿದ್ದ. ಒಂದು ಕಂಬದಿಂದ ಇಳಿದು ಇನ್ನೊಂದನ್ನು ಹತ್ತುವ ಮೊದಲು ನನ್ನನ್ನು ನೋಡಿ, ಟವೆಲಿನಿಂದ ಕಲ್ಲು ಒರೆಸಿ, “ಕೂಡ್ರಿ ಅತ್ತೀ,” ಎಂದ. ನಾನು ಕೂತೆ. ತಲೆಯೆತ್ತಿ ತಂತಿ ನೋಡಿದೆ.

“ಇದೇನು, ಇಷ್ಟು ಜೋಲು ಬಿಟ್ಟೀರಿ? ಬಿಗಿಯಾಗಿ ಕಟ್ಟಬಾರದ?”

“ಬಿಗಿ ಕಟ್ಟಿದ್ರ ಗಾಳಿ ಬಂದಾಗ ತಂತಿ ಹರಿತೈತಿ, ಇಲ್ಲಾ ಕಂಬಾನ ಎಳಕೊಂಡು ಬೀಳತೈತಿ. ಗಾಳಿಗೆ ಅದು ಏಳಬೇಕು ಇಳಿಬೇಕು ಅತ್ತೀ. ನಡುವ ಜೋಲು ಬಿಟ್ಟರ ಕಂಬ ತನ್ನ ಜಾಗಾದಾಗ ಇರತೈತಿ, ತಂತೀನೂ ಉಳಿತೈತಿ.”

ನಾನು ಆ ತಂತಿಯನ್ನೇ ನೋಡುತ್ತ ಕೂತೆ. ಕೆರೆಯ ಮೇಲಿನಿಂದ ಗಾಳಿ ಬಂದಾಗ ಅದು ನಿಧಾನವಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಕಂಬಗಳು ಅಲ್ಲಾಡಲಿಲ್ಲ.

“ಮಾನಪ್ಪಾ, ಆ ಅರ್ಜಿ ಹತ್ತು ದಿವಸ ಕಿಸೇದಾಗ ಇಟ್ಕೋರಿ,” ಎಂದೆ. “ನಾ ಇನ್ನೊಂದು ಹೊಲಿತೀನಿ.”

“ನಿಮಗ್ಯಾಕ ತ್ರಾಸು ಅತ್ತೀ. ತಪ್ಪು ನಂದ. ನಾ ಏಳೂದಿಲ್ಲ.”

“ಏಳದವರೇ ಬೇಕಾಗಿತ್ತು ನನಗ,” ಎಂದು ಎದ್ದೆ. ಅವನಿಗೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಆಗಿರಲಿಲ್ಲ.

ಮನೆಗೆ ಬಂದು ಹಾಸಿಗೆಯ ಮೇಲೆ ಹಳೆಯ ಸೀರೆ ಹಾಸಿ ಲೆಕ್ಕ ಹಾಕಿದೆ. ಭಾರವನ್ನು ಕೌದಿಯಲ್ಲಿ ಏಕೆ ತುಂಬಬೇಕು? ಭಾರದ ಮನುಷ್ಯನೇ ಹಾಸಿಗೆಯ ಮೇಲೆ ಇದ್ದಾನೆ. ಅವನ ಕಡೆಯ ಅರ್ಧವನ್ನು ಉದ್ದ ಬಿಟ್ಟು, ಅವನ ಮೈ ಕೆಳಗೆ ಮಡಿಚಿ ಸಿಗಿಸಿದರೆ ಅದು ಎಲ್ಲಿಗೂ ಹೋಗುವುದಿಲ್ಲ. ಅವಳ ಕಡೆಯ ಅರ್ಧಕ್ಕೆ ಹೊರಗಿನ ಅಂಚಿನಲ್ಲಿ, ತಲೆ ಮತ್ತು ಕಾಲ ಕಡೆಗಳಲ್ಲಿ ಕಸೆ, ಅಂದರೆ ಕಟ್ಟುವ ಲಾಡಿ, ಇಟ್ಟು ಅವಳ ಮೈ ಕೆಳಗಿನಿಂದ ಸಡಿಲವಾಗಿ ಕಟ್ಟಿದರೆ ಜೋಳಿಗೆಯ ಹಾಗೆ ಅವಳನ್ನು ಹಿಡಿಯುತ್ತದೆ. ಎರಡರ ನಡುವೆ ಸೀರೆಯ ನಿರಿಗೆಯಂಥ ನಿರಿಗೆ. ಅವಳು ಎದ್ದಾಗ ಬಿಚ್ಚಿಕೊಳ್ಳಬೇಕು, ಇಳಿದಾಗ ಮಡಿಚಿಕೊಳ್ಳಬೇಕು. ಎಷ್ಟು ನಿರಿಗೆಯೋ ಅಷ್ಟೇ ಎತ್ತರ.

ಸಾವಂತ್ರಿಗೆ ಹೇಳಿದಾಗ ಅವಳ ಮುಖ ಬದಲಾಯಿತು.

“ಹಂಗಂದ್ರ ನಾ ಏಳಬಹುದಾ ಅವ್ವಾ?”

“ಒಂದು ಮೊಳ. ಅದಕ್ಕಿಂತ ಹೆಚ್ಚು ಬ್ಯಾಡ.”

“ನಿದ್ದ್ಯಾಗ ನೆಟ್ಟಗ ಏಳೂದು ಹ್ಯಾಂಗಿರತೈತಿ ಅನ್ನೂದ ನನಗ ಗೊತ್ತಿಲ್ಲ. ಸಣ್ಣಕ್ಕಿದ್ದಾಗಿಂದ ನೀ ಒತ್ತಿ ಹಿಡದಿ.” ದೂರಿದ ಹಾಗೆ ಹೇಳಲಿಲ್ಲ. ನನ್ನ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟಳು. ಅವಳು ಹುಟ್ಟಿದಾಗಿನಿಂದ ಕೌದಿಯ ಮುಂದೆ ನಾವಿಬ್ಬರೂ ಒಟ್ಟಿಗೆ ಕೂತದ್ದು ಅದೇ ಮೊದಲು.

ನನ್ನ ಗೆಳತಿ ಹುಸೇನಬಿ ಹಳೆ ಬಟ್ಟೆ ತಗೊಂಡು ಸ್ಟೀಲಿನ ಪಾತ್ರೆ ಕೊಡುವವಳು. ಅವಳ ಗಂಟು ಬಿಚ್ಚಿಸಿ ಹುಡುಕಿದೆವು. ಸಾವಂತ್ರಿ ತನ್ನ ಕಡೆಗೆ ಕಡುನೀಲಿ ಆರಿಸಿದಳು. ಮಾನಪ್ಪನನ್ನು ಕೇಳಿದರೆ ಖಾಕಿ ಸಾಕು ಎಂದ. ನಿರಿಗೆಗೆ ತೆಳ್ಳಗಿನ, ಒಗೆದು ಒಗೆದು ಮೆತ್ತಗಾದ ಹಳದಿ ಸೀರೆ ಸಿಕ್ಕಿತು. ಚೌಕದ ತುಂಡುಗಳನ್ನು ಜೋಡಿಸಲು ಹೋದ ನನ್ನ ಕೈ ಹಿಡಿದು ಸಾವಂತ್ರಿ, “ಬ್ಯಾಡವಾ, ಬೋಳ ಇರಲಿ. ನಿರಿಗಿ ಬಿಚ್ಚಿದಾಗ ಹಳದಿ ಅಷ್ಟ ಕಾಣಬೇಕು,” ಎಂದಳು. ನನಗೆ ಮೂಲೆಯ ಹೂವಾದರೂ ಬೇಕಿತ್ತು. ಕಡೆಗೆ ಒಂದೇ ಮೂಲೆಗೆ ಒಪ್ಪಿದಳು.

ಹೊಲಿಗೆಗೂ ಜಗಳವಾಯಿತು. ಅವಳು ನಿರಿಗೆಯನ್ನು ಮಿಷನ್ನಿನಲ್ಲಿ ಹೊಡೆದಳು. ನೋಡಲು ಚಂದ, ಗೆರೆ ಎಳೆದ ಹಾಗೆ. ನಾವಿಬ್ಬರೂ ಎರಡು ತುದಿ ಹಿಡಿದು ಎಳೆದು ಬಿಟ್ಟು ನೋಡಿದೆವು. ಸ್ವಲ್ಪ ಹೊತ್ತಿಗೆ ಮಿಷನ್ನಿನ ಬಿಗಿ ಹೊಲಿಗೆ ತೆಳ್ಳನೆ ಬಟ್ಟೆಯನ್ನೇ ಕಚ್ಚಿ ಹರಿಯಿತು. ನಾನು ಕೈಯಲ್ಲಿ, ದಾರ ಸ್ವಲ್ಪ ಸಡಿಲ ಬಿಟ್ಟು, ಹೊಲಿದು ತೋರಿಸಿದೆ. ಎಳೆದರೆ ಹೊಲಿಗೆಯೂ ಬಟ್ಟೆಯ ಜೊತೆ ಹೋಗಿ ಬಂತು. ಆದರೆ ಅಂಚಿನ ಕಸೆಗಳನ್ನು ನಾನು ಕೈಯಲ್ಲಿ ಹೊಲಿದದ್ದು ಜಗ್ಗಿದಾಗ ಕಿತ್ತುಬಂತು; ಅಲ್ಲಿ ಅವಳ ಮಿಷನ್ನೇ ಗೆದ್ದಿತು. ಅಲ್ಲಾಡುವ ಜಾಗಕ್ಕೆ ಕೈ, ಅಲ್ಲಾಡಬಾರದ ಜಾಗಕ್ಕೆ ಮಿಷನ್ನು ಎಂದು ಹಂಚಿಕೊಂಡೆವು.

ಊರಿಗೆ ಸುದ್ದಿ ಹೋಯಿತು. ಕಾಶವ್ವ ಬೇಕೆಂದೇ ಸುಕ್ಕು ಇಟ್ಟು ಹೊಲಿಯುತ್ತಿದ್ದಾಳೆ, ಮಗಳನ್ನು ಹಗುರ ಕೌದಿಯಲ್ಲಿ ಮಲಗಿಸುತ್ತಾಳಂತೆ ಎಂದು ಹೆಂಗಸರು ಬಂದು ಬಂದು ನೋಡಿದರು. ಒಬ್ಬಾಕೆ ಅತ್ತೆಯ ಹೆಸರು ಹೇಳಿ ಕಣ್ಣಲ್ಲಿ ನೀರು ತಂದುಕೊಂಡಳು. ನನಗೂ ಭಯವಿತ್ತು. ಅದಕ್ಕೇ ಮೊದಲ ಸಲ ಹಗಲಲ್ಲಿ, ಊಟದ ನಂತರ, ಕಿಟಕಿ ಬಾಗಿಲು ಭದ್ರ ಮಾಡಿ ಮಲಗಿಸೋಣವೆಂದೆ.

ಮಾನಪ್ಪನಿಗೆ ನಾಚಿಕೆ. ಅತ್ತೆಯ ಎದುರು ಮಲಗುವುದು ಹೇಗೆಂದು ಗೋಡೆ ಕಡೆ ಮುಖ ಮಾಡಿದ. ಆದರೆ ಎಷ್ಟು ದಿನದ ನಿದ್ದೆ ಬಾಕಿ ಇತ್ತೋ, ಖಾಕಿ ಅರ್ಧವನ್ನು ಮೈ ಕೆಳಗೆ ಸಿಗಿಸಿಕೊಂಡು ಮಲಗಿದವನು ಕಣ್ಣು ಮುಚ್ಚುವುದರೊಳಗೆ ನಿದ್ದೆಹೋದ. ಸಾವಂತ್ರಿಗೆ ಹೊತ್ತು ಹಿಡಿಯಿತು. ನಾನು ಹಾಸಿಗೆಯ ಬದಿಗೆ ಕೂತು, ಅವಳ ಕಾಲ ಹತ್ತಿರದ ಕಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಪಕ್ಕದಲ್ಲಿ ಹುಸೇನಬಿ ಕೂತಿದ್ದಳು.

ಮೊದಲು ನೀಲಿ ಅರ್ಧ ಸ್ವಲ್ಪ ಉಬ್ಬಿತು. ಆಮೇಲೆ ನನ್ನ ಮಗಳು ಎದ್ದಳು. ಒಂದು ನಿರಿಗೆ ಬಿಚ್ಚಿತು, ಇನ್ನೊಂದು ಬಿಚ್ಚಿತು, ಹಳದಿ ಕಾಣಿಸುತ್ತ ಹೋಯಿತು. ನನ್ನ ಕೈಯಲ್ಲಿದ್ದ ಕಸೆ ಎಳೆಯಿತು. ಕೊನೆಯ ನಿರಿಗೆ ಬಿಚ್ಚಿದಲ್ಲಿಗೆ ಅವಳು ನಿಂತಳು. ಮಾನಪ್ಪ ಅಲುಗಲಿಲ್ಲ. ಅವಳು ಅಲ್ಲೇ, ಅವನ ಪಕ್ಕದಲ್ಲಿ, ಒಂದು ಮೊಳ ಮೇಲೆ, ಗಾಳಿಗೆ ಏಳುವ ಇಳಿಯುವ ತಂತಿಯ ಹಾಗೆ ನಿಧಾನವಾಗಿ ತೂಗುತ್ತಿದ್ದಳು.

“ಕಸಿ ಬಿಡು ಕಾಶವ್ವ,” ಎಂದಳು ಹುಸೇನಬಿ ಪಿಸುಮಾತಿನಲ್ಲಿ. “ಅಕಿ ನಗಾಕತ್ತಾಳ ನೋಡು ನಿದ್ದ್ಯಾಗ.”

ಬೆರಳು ಒಂದೊಂದಾಗಿ ಬಿಡಿಸಿ ನಾನು ಕಸೆ ಬಿಟ್ಟೆ. ಅವಳು ಎಲ್ಲಿಗೂ ಹೋಗಲಿಲ್ಲ. ಮಾನಪ್ಪ ನಿದ್ದೆಯಲ್ಲೇ ಮಗ್ಗುಲಾದ. ಅವನ ಕೈ ತಾನಾಗಿ ಮೇಲೆ ಹೋಗಿ, ಹಳದಿ ಬಟ್ಟೆಯ ಮೇಲಿಂದ ತಡಕಾಡಿ, ಅವಳ ಮುಂಗೈ ಸಿಕ್ಕಿದ ಮೇಲೆ ನಿಂತಿತು. ನಾವಿಬ್ಬರೂ ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಕಟ್ಟೆಯ ಮೇಲೆ ಕೂತು ಹುಸೇನಬಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಚಿ ಬಾಯಿಗೆ ಹಾಕಿಕೊಂಡಳು. ಆಮೇಲೆ, “ನನಗೊಂದು ಹೊಲಿತೀಯೇನು?” ಎಂದಳು. “ನಮ್ಮ ಮನಿಯವರು ಏಳೂದು ಹೆಚ್ಚು. ನಂದು ಗೇಣ. ಅವರ ಭಾರ ನಾ ಹೊತ್ಕೊಂಡು ಮಲಗೀನಿ ಇಷ್ಟು ವರ್ಷ. ಯಾರ ಮುಂದ ಹೇಳೂದು ಇದನ್ನ?”

ಅವಳು ಮೊದಲನೆಯವಳು. ಮುಂದಿನ ತಿಂಗಳುಗಳಲ್ಲಿ ಒಬ್ಬೊಬ್ಬರಾಗಿ ಬಂದರು, ಅತ್ತೆಯ ಹೆಸರು ಹೇಳಿ ಅತ್ತವಳೂ ಬಂದಳು. ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳುತ್ತಿದ್ದರು. ಸಮ ಏಳುವ ಜೋಡಿ ಊರಲ್ಲಿ ಒಂದೂ ಸಿಗಲಿಲ್ಲ ನನಗೆ. ಇಬ್ಬರೂ ಏಳುವ ಜೋಡಿಗೆ ಕಡಿಮೆ ಏಳುವವರ ಕಡೆಗೆ ಅವರ ಎತ್ತರಕ್ಕೆ ತಕ್ಕಷ್ಟೇ ಭಾರ ಇಟ್ಟೆ. ಸಾವಂತ್ರಿ ಜಂಪರ್ ಕೆಲಸ ಕಡಿಮೆ ಮಾಡಿ ನನ್ನ ಜೊತೆ ಕೂತಳು. ಯಾರಿಗೆ ಯಾವ ಬಣ್ಣ, ಎಲ್ಲಿ ಬೋಳು ಬಿಡಬೇಕು ಎಂಬುದೆಲ್ಲ ಅವಳದು, ನಿರಿಗೆ ನನ್ನದು. ಮಾನಪ್ಪ ಅರ್ಜಿಯನ್ನು ಹರಿದು ಒಲೆಗೆ ಹಾಕಿದ. ಅವನ ಮುಖ ತುಂಬಿಕೊಂಡಿತು.

ಎಲ್ಲರದೂ ಒಂದು ಹಂತಕ್ಕೆ ಬಂದ ಮೇಲೆ ನಾನು ನಮ್ಮ ಮನೆಯ ಹಳೆಯ ಕೌದಿಯನ್ನು ಅಂಗಳಕ್ಕೆ ಎಳೆದು ತಂದು ಹೊಲಿಗೆ ಬಿಚ್ಚಲು ಕೂತೆ. ಊಟಕ್ಕೆ ಬಂದ ಗದಿಗೆಪ್ಪ ನೋಡಿ ನಿಂತರು.

“ಅದ್ಯಾಕ ಬಿಚ್ಚತಿ? ಇನ್ನೂ ಗಟ್ಟಿ ಐತಲ್ಲ.”

“ಗಟ್ಟಿ ಐತಂತನ ಬಿಚ್ಚಾಕತ್ತೀನಿ.”

“ನನಗ ರೂಢಿ ಆಗೇತಿ. ಇರ್ಲಿ ಬಿಡು.”

“ನನಗ ಆಗಿಲ್ಲ,” ಎಂದೆ. “ನಿಮಗ ಬಣ್ಣ ಯಾವುದು ಬೇಕು ಹೇಳ್ರಿ.”

ಅವರು ಬಣ್ಣದ ಬಗ್ಗೆ ಜೀವಮಾನದಲ್ಲಿ ಯೋಚಿಸಿದವರಲ್ಲ. ಕೈಯಲ್ಲಿನ ಹಿಟ್ಟು ಝಾಡಿಸಿಕೊಳ್ಳುತ್ತ, “ಬಿಳೀದ ಇರಲಿ. ಹಿಟ್ಟು ಹತ್ತಿದ್ರ ಕಾಣೂದಿಲ್ಲ,” ಎಂದರು. ಆಮೇಲೆ ಊಟವನ್ನು ಮರೆತು ನನ್ನೆದುರು ಕೂತು, ಕೌದಿಯ ಇನ್ನೊಂದು ತುದಿ ಎತ್ತಿಕೊಂಡು, ದಪ್ಪ ಬೆರಳುಗಳಿಂದ ತಾಯಿಯ ಹೊಲಿಗೆಯನ್ನು ಒಂದೊಂದಾಗಿ ಬಿಡಿಸತೊಡಗಿದರು.

ಕೌದಿ ಮುಗಿದ ದಿನ ಮಧ್ಯಾಹ್ನ ಗಿರಣಿ ಮುಚ್ಚಿ ಬರಲು ಹೇಳಿದೆ. ಬಿಳಿ ಅರ್ಧವನ್ನು ಅವರ ಮೈ ಕೆಳಗೆ ಸಿಗಿಸಿ, ನನ್ನ ಕಡೆಯ ಕಸೆ ಕಟ್ಟಿಕೊಂಡು ಮಲಗಿದೆ. ಹೆದರಿಕೆಗೆ ನಿದ್ದೆ ಬರಲಾರದು ಎಂದುಕೊಂಡಿದ್ದೆ. ಯಾವಾಗ ಬಂತೋ ತಿಳಿಯಲಿಲ್ಲ.

ಎಚ್ಚರವಾದಾಗ ನಾನು ಮೇಲಿದ್ದೆ. ಎಚ್ಚರವಾದರೂ ಕೈಕಾಲು ಅಲುಗಿಸದಿದ್ದರೆ ಇನ್ನಷ್ಟು ಹೊತ್ತು ಹಾಗೇ ಇರಬಹುದು ಎಂದು ಸಾವಂತ್ರಿ ಹೇಳಿದ್ದಳು, ನಿಜ. ತಲೆ ಮಾತ್ರ ಮೆಲ್ಲಗೆ ತಿರುಗಿಸಿ ಕೆಳಗೆ ನೋಡಿದೆ. ಇಷ್ಟು ವರ್ಷ ಅಂಗಾತ ಮಲಗಿದ ಮನುಷ್ಯ ಮಗ್ಗುಲಾಗಿ, ಮೊಣಕಾಲು ಮಡಿಚಿ, ಎರಡೂ ಅಂಗೈಗಳನ್ನು ಕೆನ್ನೆಯ ಕೆಳಗಿಟ್ಟು ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ನೆತ್ತಿಯ ಮೇಲೆ ಕೂದಲು ತೆಳುವಾಗಿ, ನಡುವಿನ ಸುಳಿ ಎಡಕ್ಕೆ ತಿರುಗಿತ್ತು. ಸಾವಂತ್ರಿಯ ತಲೆಯ ಸುಳಿಯೂ ಎಡಕ್ಕೆ. ಅವಳಿಗೆ ಜಡೆ ಹಾಕುವಾಗಲೆಲ್ಲ ಇದು ಯಾರದು ಬಂತೋ ಎಂದು ಬೈಯುತ್ತಿದ್ದೆ. ಗಂಡನ ನೆತ್ತಿಯನ್ನು ನಾನು ಮೇಲಿಂದ ನೋಡಿಯೇ ಇರಲಿಲ್ಲ.

ಹೊರಗೆ ಯಾರೋ ಹೆಣ್ಣುಮಗಳು ಜೋಳದ ಬುಟ್ಟಿ ಕೆಳಗಿಟ್ಟ ಸದ್ದಾಯಿತು. “ಕಾಶಕ್ಕಾ, ಗಿರಣಿ ಮುಚ್ಚೇತೆಲ್ಲ? ಅಣ್ಣಾರು ಅದಾರೇನು?” ಎಂದು ಕೂಗಿದಳು. ಇವರು ತುಟಿ ಅಲುಗಿಸಿ, ಮತ್ತೆ ನಿದ್ದೆಗಿಳಿದರು.

“ಇವತ್ತ ಗಿರಣಿ ಇಲ್ಲವಾ, ನಾಳೆ ಬಾ,” ಎಂದು ಮೇಲಿಂದಲೇ, ಆದಷ್ಟು ಸಣ್ಣ ದನಿಯಲ್ಲಿ ಹೇಳಿದೆ.